ಎಂಜಿನ್ ಇದ್ದರೂ ಹುಟ್ಟು ಇರಲಿ

ಎಂಜಿನ್ ಜೋರಾಗಿ ಸದ್ದು ಮಾಡುತ್ತಿದೆ, ದೋಣಿ ಮಾತ್ರ ಮುಂದೆ ಹೋಗುತ್ತಿಲ್ಲ. ಕೆಟ್ಟಿರುವುದು ಎಂಜಿನ್ ಅಲ್ಲ. ಅದರ ಶಕ್ತಿಯನ್ನು ನೀರಿಗೆ ಮುಟ್ಟಿಸುವ ಡ್ರೈವ್. ಕೆರೆಯಲ್ಲಿ ಹೀಗಾದರೆ ನಗಬಹುದು. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಕೃಷ್ಣೆಯ ನಡುವೆ ಹೀಗಾದರೆ ಪ್ರಾಣಕ್ಕೇ ಕುತ್ತು.

ಆ ಪ್ರವಾಹ ಸುರಪುರ, ಶಹಾಪುರದ ಕಡೆಯ ನಮಗೆ ಹೊಸದಲ್ಲ. ಕೊಳ್ಳೂರು ಸೇತುವೆ ಮುಳುಗಿದ್ದನ್ನು, ನೀಲಕಂಠರಾಯನಗಡ್ಡಿಯ ಸುತ್ತ ನೀರು ಆವರಿಸಿದ್ದನ್ನು ಎಷ್ಟೋ ಸಲ ಕಂಡಿದ್ದೇವೆ. ಆಗ ನಾವು ನಂಬುವುದು ಔಟ್‌ಬೋರ್ಡ್ ಮೋಟಾರಿನ ದೋಣಿಯನ್ನು.

ಆ ಮೋಟಾರಿನಲ್ಲಿ ಉದ್ದನೆಯ ಶಾಫ್ಟ್ ಒಂದು ಕೆಳಗಿಳಿದು, ಬೆವೆಲ್ ಗಿಯರ್ ಮೂಲಕ ಪ್ರೊಪೆಲ್ಲರ್ ತಿರುಗಿಸುತ್ತದೆ. ರೆಕ್ಕೆ ಬಂಡೆಗೆ ಬಡಿದಾಗ ಗಿಯರ್ ಮುರಿಯದಿರಲೆಂದು ಚಿಕ್ಕ ಮೋಟಾರುಗಳಲ್ಲಿ ಒಂದು ಶಿಯರ್ ಪಿನ್ ಇರುತ್ತದೆ. ಅದು ತಾನು ತುಂಡಾಗಿ ಉಳಿದದ್ದನ್ನು ಕಾಪಾಡುತ್ತದೆ. ದೊಡ್ಡವುಗಳಲ್ಲಿ ಆ ಕೆಲಸ ರಬ್ಬರ್ ಹಬ್‌ನದು. ಅದು ಜಾರತೊಡಗಿದರೆ ವೇಗ ತಗ್ಗಿಸಿ ನಿಧಾನವಾಗಿ ದಡ ಸೇರಲು ಎಷ್ಟೋ ಸಲ ಸಾಧ್ಯ. ಬಂಡೆಗಲ್ಲುಗಳ ಕೃಷ್ಣೆಯಲ್ಲಿ ಇದೆಲ್ಲ ಅಪರೂಪದ ಮಾತಲ್ಲ.

ಮೆಕ್ಯಾನಿಕಲ್ ಬಿ.ಇ. ಓದುವ ನಾವು ಶಿಯರ್ ಸ್ಟ್ರೆಸ್ ಲೆಕ್ಕ ಮಾಡಿ ಅಂಕ ಗಳಿಸುತ್ತೇವೆ. ಪಿನ್ ತುಂಡಾದ ಮೇಲಿನ ಐದು ನಿಮಿಷದಲ್ಲಿ ಏನು ಮಾಡಬೇಕೆಂಬ ಪ್ರಶ್ನೆ ಪರೀಕ್ಷೆಯಲ್ಲಿ ಬರುವುದಿಲ್ಲ.

ಆ ಉತ್ತರ ಹಾಯಿದೋಣಿಯವರಿಗೆ ಗೊತ್ತು. ನೌಕಾಪಡೆಯ ದಿಲ್ನಾ ಕೆ. ಮತ್ತು ರೂಪಾ ಎ. ಅವರು ‘ತಾರಿಣಿ’ಯಲ್ಲಿ 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟು, ಹಾಯಿಯ ಬಲದಿಂದಲೇ ಜಗತ್ತು ಸುತ್ತಿ, 2025ರ ಮೇ 29ರಂದು ಮರಳಿದರು. ಹಾಯಿದೋಣಿಯಲ್ಲಿ ಎಂಜಿನ್ ಇದ್ದರೂ ಅದೊಂದನ್ನೇ ನಂಬಿ ಯಾರೂ ಕೂರುವುದಿಲ್ಲ. ಡ್ರೈವ್ ಕೈಕೊಟ್ಟರೆ ಮೊದಲು ಹಾಯಿ ಏರಿಸಿ ದೋಣಿಯನ್ನು ಹಿಡಿತಕ್ಕೆ ತರುತ್ತಾರೆ, ಇಲ್ಲವೇ ಲಂಗರು ಹಾಕುತ್ತಾರೆ. ಆಮೇಲೆ ಗಿಯರ್ ಕೇಬಲ್ ಕಳಚಿದೆಯೇ, ಪ್ರೊಪೆಲ್ಲರ್‌ಗೆ ಹಗ್ಗ ಸುತ್ತಿದೆಯೇ ಎಂದು ನೋಡುತ್ತಾರೆ. ಮೊದಲು ದೋಣಿ, ನಂತರ ರಿಪೇರಿ.

ನಮ್ಮ ಹೊಳೆಗೆ ಹಾಯಿ ಬೇಕಿಲ್ಲ, ಆ ಕ್ರಮ ಬೇಕು. ಪ್ರತಿ ದೋಣಿಯಲ್ಲೂ ಹುಟ್ಟು, ಉದ್ದನೆಯ ಹಗ್ಗ, ಲಂಗರು, ಒಂದೆರಡು ಬಿಡಿ ಪಿನ್, ಸ್ಪ್ಯಾನರ್ ಇರಲಿ. ಲಂಗರನ್ನು ಮೂತಿಯ ಕಡೆಯಿಂದಲೇ ಇಳಿಸಬೇಕು. ಹಿಂಬದಿಯಿಂದ ಇಳಿಸಿದರೆ ಸೆಳವಿನ ನೀರು ಒಳನುಗ್ಗುತ್ತದೆ. ರೆಕ್ಕೆಯನ್ನು ಮುಟ್ಟುವ ಮೊದಲು ಎಂಜಿನ್ ಬಂದ್ ಆಗಿರಲೇಬೇಕು.

ಮಳೆಗಾಲಕ್ಕೆ ಮುಂಚಿನ ಅಣಕು ಕಾರ್ಯಾಚರಣೆಯಲ್ಲಿ ಒಂದು ಸುತ್ತನ್ನಾದರೂ ಎಂಜಿನ್ ಬಂದ್ ಮಾಡಿ ನಡೆಸಲಿ. ಹರಿಗೋಲು ನಡೆಸುವ ನಮ್ಮ ಅಂಬಿಗರನ್ನು ಅಲ್ಲಿಗೆ ಗುರುಗಳಾಗಿ ಕರೆಯಲಿ. ಸೆಳವು ಎಲ್ಲಿ, ಬಂಡೆ ಎಲ್ಲಿ ಎಂಬುದು ಅವರಿಗೆ ಗೊತ್ತು. ಯಾದಗಿರಿ ಜಿಲ್ಲೆಯ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬೇಸಿಗೆಯಲ್ಲೇ ಆ ಮೋಟಾರುಗಳನ್ನು ಬಿಚ್ಚಿ ಪರೀಕ್ಷಿಸಲು ಅವಕಾಶ ಸಿಗಲಿ. ನಮಗೆ ಕೈಕೆಲಸ ಬರುತ್ತದೆ, ಹೊಳೆಯಲ್ಲಿರುವವರಿಗೆ ಧೈರ್ಯ ಬರುತ್ತದೆ.