ಹೆಸರು ವಾಪಸಾಯಿತು, ನೆಲ?

ಊರಿನ ಹೆಸರು ಬದಲಾದಾಗಲೆಲ್ಲ ಎರಡು ಆಕ್ಷೇಪ ಏಳುತ್ತವೆ. ಇತಿಹಾಸ ಅಳಿಸುತ್ತಿದ್ದಾರೆ ಎಂಬುದು ಒಂದು. ಹೆಸರು ಬದಲಿಸಿದರೆ ಹೊಟ್ಟೆ ತುಂಬುತ್ತದೆಯೇ ಎಂಬುದು ಇನ್ನೊಂದು. ಅಮೆರಿಕದ ಸೌತ್ ಡಕೋಟ ರಾಜ್ಯದ ಒಂದು ಬಡ ಕೌಂಟಿಯ ಕಥೆ ನೋಡಿದರೆ ಮೊದಲನೆಯದು ಸುಳ್ಳು, ಎರಡನೆಯದು ಅರ್ಧ ಸತ್ಯ.

ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಆದರೆ ಅದನ್ನು ನಡೆಸುವವರನ್ನು ಜನರೇ ಚುನಾಯಿಸುತ್ತಾರೆ. 1868ರ ಫೋರ್ಟ್ ಲ್ಯಾರಮಿ ಒಪ್ಪಂದದಲ್ಲಿ ಅಮೆರಿಕ ಸರ್ಕಾರ ಮಿಸೌರಿ ನದಿಯ ಪಶ್ಚಿಮದ ವಿಶಾಲ ನೆಲ ಸೂ ಜನಾಂಗದ್ದೆಂದು ಒಪ್ಪಿ ಸಹಿ ಹಾಕಿತ್ತು. ಅವರ ವಯಸ್ಕ ಗಂಡಸರಲ್ಲಿ ಮುಕ್ಕಾಲು ಪಾಲು ಜನ ಒಪ್ಪದೆ ಅದರ ಒಂದು ತುಂಡನ್ನೂ ಪಡೆಯುವಂತಿರಲಿಲ್ಲ. ಏಳೇ ವರ್ಷದಲ್ಲಿ, 1875ರಲ್ಲಿ, ಡಕೋಟ ಪ್ರಾಂತ್ಯದ ಶಾಸಕರು ಅದೇ ನೆಲದ ಮೇಲೆ ಕೌಂಟಿಯ ಗೆರೆ ಎಳೆದರು. ಪ್ರಾಂತ್ಯದ ಮುಖ್ಯ ನ್ಯಾಯಮೂರ್ತಿ ಪೀಟರ್ ಶಾನನ್ ಹೆಸರಿಟ್ಟರು. ಅಲ್ಲಿ ಬದುಕುತ್ತಿದ್ದವರನ್ನು ಯಾರೂ ಕೇಳಲಿಲ್ಲ.

ಇದೇ ಶಾನನ್ 1882ರಲ್ಲಿ ಆ ನೆಲವನ್ನು ಒಡೆಯಲು ಸಹಿ ಸಂಗ್ರಹಿಸಹೊರಟ ಮೂವರ ಆಯೋಗದ ಸದಸ್ಯ. ಸಹಿಗಳು ಸಾಲಲಿಲ್ಲ, ಆ ಯತ್ನ ಬಿದ್ದುಹೋಯಿತು. 1889ರಲ್ಲಿ ಕೆಲಸ ಮುಗಿಯಿತು. ಮರುವರ್ಷ ಇದೇ ಕೌಂಟಿಯ ವೂಂಡೆಡ್ ನೀಯಲ್ಲಿ ಅಮೆರಿಕದ ಸೇನೆ ಹೆಂಗಸರು ಮಕ್ಕಳೆನ್ನದೆ ಲಕೋಟ ಜನರನ್ನು ಕೊಂದಿತು. ಆ ಸಮಾಧಿಗಳಿರುವ ಜಾಗ 2015ರವರೆಗೂ ಶಾನನ್ ಕೌಂಟಿಯೇ ಆಗಿತ್ತು. ಹಾಗಾದರೆ ಇತಿಹಾಸ ಅಳಿಸಿದವರು ಯಾರು?

2014ರ ನವೆಂಬರಿನಲ್ಲಿ ಕೌಂಟಿಯ ಮತದಾರರಲ್ಲಿ ಶೇಕಡ 80ರಷ್ಟು ಮಂದಿ ಆ ಹೆಸರನ್ನು ಕಿತ್ತೆಸೆದರು. 2015ರ ಮೇ 1ರಿಂದ ಅದು ಓಗ್ಲಾಲ ಲಕೋಟ ಕೌಂಟಿ. ಇದು ಸಣ್ಣ ಗೆಲುವಲ್ಲ. ತಮ್ಮ ನೆಲ ಕಸಿಯಲು ಬಂದವನ ಹೆಸರನ್ನು ಪ್ರತಿ ಅರ್ಜಿಯಲ್ಲೂ ಬರೆಯಬೇಕಾದ ಅವಮಾನ ಅನುಭವಿಸಿದವರಿಗೇ ಗೊತ್ತು.

ಆದರೆ ಇಷ್ಟಕ್ಕೇ ಚಪ್ಪಾಳೆ ತಟ್ಟಿ ಏಳುವವರ ಮೇಲೆ ನನ್ನ ತಕರಾರಿದೆ. ಕೌಂಟಿ ಹುಟ್ಟಿ ನೂರು ವರ್ಷವಾದರೂ ಅಲ್ಲಿನವರಿಗೆ ತಮ್ಮನ್ನಾಳುವ ಕೌಂಟಿ ಅಧಿಕಾರಿಗಳಿಗೆ ಮತ ಹಾಕುವ ಹಕ್ಕಿರಲಿಲ್ಲ. ಆಡಳಿತ ನಡೆಸುತ್ತಿದ್ದುದು ಪಕ್ಕದ ಕೌಂಟಿ. 1975ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಇದು ಸಂವಿಧಾನಕ್ಕೆ ವಿರುದ್ಧ ಎಂದು ಹೇಳಬೇಕಾಯಿತು. 1982ರಲ್ಲಿ ಕೌಂಟಿಗೆ ಸ್ವಂತ ಸನ್ನದು ಸಿಕ್ಕಿತು. ಆದರೂ ಹೆಸರು ಬದಲಾದಾಗ ಅದಕ್ಕೆ ಸ್ವಂತ ಜಿಲ್ಲಾ ಕೇಂದ್ರವಿರಲಿಲ್ಲ; ಖಜಾನೆ, ಲೆಕ್ಕಪತ್ರದ ಕೆಲಸ ಪಕ್ಕದ ಕೌಂಟಿಯ ಹಾಟ್ ಸ್ಪ್ರಿಂಗ್ಸ್ ಪಟ್ಟಣದಲ್ಲೇ ನಡೆಯುತ್ತಿತ್ತು. ಕಾರಣ ಸೋಮಾರಿತನವಲ್ಲ. ಕೌಂಟಿಗಳ ಮುಖ್ಯ ಆದಾಯ ಆಸ್ತಿ ತೆರಿಗೆ. ಫೆಡರಲ್ ಸರ್ಕಾರ ಬುಡಕಟ್ಟಿನ ಪರವಾಗಿ ಟ್ರಸ್ಟ್‌ನಲ್ಲಿಟ್ಟಿರುವ ನೆಲಕ್ಕೆ ಆ ತೆರಿಗೆ ಇಲ್ಲ. ಇಡೀ ಕೌಂಟಿ ಪೈನ್ ರಿಡ್ಜ್ ಮೀಸಲು ಪ್ರದೇಶದೊಳಗಿದೆ. ಬೇರೆಯವರು ತಮ್ಮ ನಕ್ಷೆಗಾಗಿ ಎಳೆದ ಗೆರೆಯೊಳಗೆ ಸಂಸಾರ ನಡೆಸುವುದೆಂದರೆ ಇದು.

ಹಳೆಯ ಬಾಕಿಯಲ್ಲಿ ತೀರಿಸಲು ಅತ್ಯಂತ ಅಗ್ಗವಾದದ್ದು ಹೆಸರು. ಅದನ್ನು ಕೊಡಲೂ 140 ವರ್ಷ ಬೇಕಾಯಿತು. ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲನ್ನು 1877ರಲ್ಲಿ ನ್ಯಾಯವಾದ ಪರಿಹಾರ ಕೊಡದೆ ಕಸಿಯಲಾಯಿತೆಂದು 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಒಪ್ಪಿತು. ಬಡ್ಡಿ ಸೇರಿ 10 ಕೋಟಿ ಡಾಲರಿಗೂ ಮಿಕ್ಕ ಪರಿಹಾರ ಕೊಡಿಸಿತು. ಸೂ ಜನ ಆ ಹಣ ಮುಟ್ಟಲಿಲ್ಲ. ಅವರು ಕೇಳಿದ್ದು ಬೆಲೆಯನ್ನಲ್ಲ, ಬೆಟ್ಟವನ್ನು. ಹೆಸರು ಮರಳಿಸಿದ್ದೇ ನ್ಯಾಯ ಎನ್ನುವವರು ಮೊದಲು ಈ ಬೇಡಿಕೆಗೆ ಉತ್ತರ ಕೊಡಲಿ.