ಬೇಟೆಗಾರನ ಬೆನ್ನುಚೀಲ

1991ರ ಸೆಪ್ಟೆಂಬರ್ 19ರಂದು ಆಸ್ಟ್ರಿಯ ಮತ್ತು ಇಟಲಿ ದೇಶಗಳ ಗಡಿಯಲ್ಲಿ, ಆಲ್ಪ್ಸ್ ಪರ್ವತಗಳ ನಡುವೆ, 3,210 ಮೀಟರ್ ಎತ್ತರದಲ್ಲಿ ಸಂಚರಿಸುತ್ತಿದ್ದ ಜರ್ಮನ್ ದಂಪತಿಗಳ ಕಣ್ಣಿಗೆ ಕರಗುತ್ತಿದ್ದ ಹಿಮದಲ್ಲಿ ಹುದುಗಿದ್ದ ಶವವೊಂದು ಬಿದ್ದಿತು. ಇತ್ತೀಚೆಗೆ ಮಡಿದ ಯಾವನೋ ಪರ್ವತಾರೋಹಿಯ ದೇಹವಿರಬೇಕೆಂದು ಎಲ್ಲರೂ ಮೊದಲು ಭಾವಿಸಿದರು. ಪರೀಕ್ಷೆ ನಡೆದ ಮೇಲೆ, ಅವನು 5,000 ವರ್ಷಗಳಿಗೂ ಹಿಂದೆ ಬಾಳಿದವನೆಂದು ತಿಳಿದು ಲೋಕವೇ ಬೆರಗಾಯಿತು.

ಅವನ ಸಾಮಾನುಗಳೂ ಅಷ್ಟೇ ಸೋಜಿಗದವು. ತಾಮ್ರದ ಅಲಗಿನ ಕೊಡಲಿ, ಚರ್ಮದ ಬತ್ತಳಿಕೆ, ಅದರೊಳಗೆ 14 ಬಾಣಗಳು; ಅವುಗಳಲ್ಲಿ ಪೂರ್ತಿ ಸಿದ್ಧವಾಗಿದ್ದವು ಎರಡೇ. ಯೂ ಮರದಿಂದ ಕೆತ್ತುತ್ತಿದ್ದ, ಇನ್ನೂ ಮುಗಿಯದ ಬಿಲ್ಲು 1.82 ಮೀಟರ್ ಉದ್ದವಿತ್ತು. ಅವನ ಮೈಯೆತ್ತರವಾದರೋ ಸುಮಾರು 1.60 ಮೀಟರ್. ಇವುಗಳೊಡನೆ ಹೇಜಲ್ ಮರದ ಕೋಲೊಂದನ್ನು ಕಮಾನಿನಂತೆ ಬಾಗಿಸಿ, ಲಾರ್ಚ್ ಮರದ ಎರಡು ಹಲಗೆಗಳನ್ನು ಅಡ್ಡಲಾಗಿ ಕಟ್ಟಿದ ಸಾಧನವೊಂದು ದೊರೆಯಿತು. ಬೆನ್ನಿನ ಮೇಲೆ ಹೊರೆ ಹೊರುವ ಚೌಕಟ್ಟು ಇದೆಂದು ಬಹುಮಂದಿ ವಿದ್ವಾಂಸರು ಗುರುತಿಸಿದ್ದಾರೆ.

ತನಗಿಂತಲೂ ಉದ್ದವಾದ ಆಯುಧ ಒಂದು ಕಡೆ, ಬೆನ್ನಿನ ಮೇಲಿನ ಹೊರೆ ಇನ್ನೊಂದು ಕಡೆ. ಇವೆರಡನ್ನೂ ಹೊತ್ತು, ಕೈಗಳನ್ನು ಬಿಡುವಾಗಿಟ್ಟುಕೊಂಡು, ಕಲ್ಲುಬಂಡೆಗಳ ದಾರಿಯಲ್ಲಿ ಏರುವುದು ಹೇಗೆ? ಆ ಹಿಮಮಾನವನನ್ನು ಕಾಡಿರಬಹುದಾದ ಈ ಪ್ರಶ್ನೆ ಇಂದಿನ ಬೇಟೆಗಾರನನ್ನೂ ಬಿಟ್ಟಿಲ್ಲ.

ಭಾರತದಲ್ಲಿ ಈ ಪ್ರಶ್ನೆ ಈಗ ಏಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮಲ್ಲಿ ಮೃಗಯಾವಿನೋದದ ಕಾಲ ಮುಗಿಯಿತು. ಆದರೆ ಅಮೆರಿಕದಲ್ಲಿ ಪ್ರತಿ ರಾಜ್ಯವೂ ಪರವಾನಗಿ ಕೊಟ್ಟು, ಋತುವನ್ನೂ ಸಂಖ್ಯೆಯನ್ನೂ ಗೊತ್ತುಪಡಿಸಿ ಬೇಟೆಗೆ ಅವಕಾಶ ಕೊಡುತ್ತದೆ. ಕೊಲೊರಾಡೋ ರಾಜ್ಯದ ರಾಕಿ ಪರ್ವತಗಳಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆ ಹೆಸರಾಂತದ್ದು. ಎಲ್ಕ್ ನಮ್ಮ ಕಡವೆಯ ಬಂಧು. ಗಾತ್ರದಲ್ಲಿ ಅದಕ್ಕೂ ಹಿರಿದು. ಅದನ್ನು ಅರಸಿ ಹೊರಡುವ ಹೊಸಬನು ಅಂಗಡಿಯಲ್ಲಿ ನಿಂತಾಗ ಚೀಲಕ್ಕೆ ಎಷ್ಟು ಜೇಬುಗಳಿವೆ, ಬಣ್ಣ ಕಾಡಿಗೆ ಹೊಂದುವುದೇ, ಬಂದೂಕನ್ನು ಸಿಕ್ಕಿಸುವ ಪಟ್ಟಿಗಳು ಎಲ್ಲಿವೆ ಎಂದು ನೋಡುತ್ತಾನೆ. ಇವೆಲ್ಲ ಹೋಗುವಾಗಿನ ಚಿಂತೆಗಳು. ಅನುಭವಿಯಾದರೋ ಬರುವಾಗಿನ ಚಿಂತೆಯಿಂದ ಆರಂಭಿಸುತ್ತಾನೆ.

ಚೀಲದ ಜೀವಾಳವಿರುವುದು ಅದರ ಚೌಕಟ್ಟಿನಲ್ಲಿ. 1920ರ ದಶಕದಲ್ಲಿ ಲಾಯ್ಡ್ ನೆಲ್ಸನ್ ಎಂಬ ಅಮೆರಿಕನ್ನನು, ಅಲಾಸ್ಕದ ಮೂಲನಿವಾಸಿಗಳು ಕೋಲುಗಳಿಗೆ ಸೀಲ್ ಪ್ರಾಣಿಯ ಚರ್ಮ ಬಿಗಿದು ಮಾಡಿಕೊಳ್ಳುತ್ತಿದ್ದ ಹೊರೆಹಲಗೆಯನ್ನು ಕಂಡು, ಮರದ ಚೌಕಟ್ಟಿಗೆ ಕ್ಯಾನ್ವಾಸ್ ಬಿಗಿದ ಚೀಲವನ್ನು ರೂಪಿಸಿದನು. ‘ಟ್ರ್ಯಾಪರ್ ನೆಲ್ಸನ್’ ಎಂಬ ಆ ಚೀಲವನ್ನು ಬೇಟೆಗಾರರೂ ಅರಣ್ಯದ ನೌಕರರೂ ಹಲವು ದಶಕ ಬಳಸಿದರು. 1952ರಲ್ಲಿ ಕ್ಯಾಲಿಫೋರ್ನಿಯದ ಡಿಕ್ ಕೆಲ್ಟಿಯು ಹಗುರವಾದ ಅಲ್ಯುಮಿನಿಯಂ ಚೌಕಟ್ಟಿನ ಚೀಲಗಳನ್ನು ಮಾರತೊಡಗಿದನು. ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸುವ ಪಟ್ಟಿ ಜನಪ್ರಿಯವಾದದ್ದು ಅವನ ಚೀಲಗಳಿಂದ.

ಭಾರ ಸೊಂಟಕ್ಕೆ ಇಳಿಯಬೇಕೆಂಬುದರ ಕಾರಣ ಸರಳವಾದದ್ದು. ಹೆಗಲಿನ ಸ್ನಾಯುಗಳು ಬೇಗ ದಣಿಯುತ್ತವೆ. ಅಲ್ಲಿನ ನರಗಳು ಪಟ್ಟಿಯ ಒತ್ತಡಕ್ಕೆ ಸಿಕ್ಕಿ ಕೈ ಜೋಮು ಹಿಡಿಯುತ್ತದೆ. ಸೊಂಟದ ಮೂಳೆಯಾದರೋ ದೇಹದ ಅತಿ ಬಲವಾದ ಸ್ನಾಯುಗಳಾದ ತೊಡೆಗಳಿಗೆ ಭಾರವನ್ನು ನೇರವಾಗಿ ಒಪ್ಪಿಸುತ್ತದೆ. ಆದುದರಿಂದ ಚೀಲ ಕೊಳ್ಳುವವನು ಅಳೆಯಬೇಕಾದದ್ದು ತನ್ನ ಎತ್ತರವನ್ನಲ್ಲ, ಬೆನ್ನಿನ ಉದ್ದವನ್ನು. ತಲೆ ಬಾಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ ಸೊಂಟದ ಮೂಳೆಗಳ ಮೇಲಂಚಿನವರೆಗೆ ಅಳತೆ ತೆಗೆಯಬೇಕು. ಆರಡಿ ಎತ್ತರದವನಿಗೆ ಗಿಡ್ಡ ಬೆನ್ನೂ, ಐದೂವರೆ ಅಡಿಯವನಿಗೆ ಉದ್ದ ಬೆನ್ನೂ ಇರಬಹುದು. ಖಾಲಿ ಚೀಲವನ್ನು ಹೊತ್ತು ಕನ್ನಡಿಯ ಮುಂದೆ ನಿಂತರೆ ಯಾವ ಚೀಲವೂ ಹಿತವಾಗಿಯೇ ಕಾಣುತ್ತದೆ. 25 ಕಿಲೋಗ್ರಾಂ ಭಾರ ತುಂಬಿ, ಅರ್ಧ ಗಂಟೆ ಮೆಟ್ಟಿಲು ಹತ್ತಿ ಇಳಿದಾಗ ಅದರ ನಿಜಗುಣ ಬಯಲಾಗುತ್ತದೆ.

ಇನ್ನು ಆಯುಧದ ಮಾತು. ಬೇಟೆಯ ರೈಫಲು, ದುರ್ಬೀನು ಸೇರಿ, ಮೂರೂವರೆ-ನಾಲ್ಕು ಕಿಲೋಗ್ರಾಂ ತೂಗುತ್ತದೆ. ಚೀಲ ಹೊತ್ತವನು ಅದನ್ನು ಹೆಗಲಿಗೆ ನೇತುಹಾಕಿದರೆ ಹೆಜ್ಜೆ ಹೆಜ್ಜೆಗೂ ಜಾರುತ್ತದೆ. ಚೀಲದ ನಡುಬೆನ್ನಿಗೆ ಕಟ್ಟಿದರೆ ತೂಕ ಸಮವಾಗಿ ನಿಲ್ಲುತ್ತದೆ. ಆದರೆ ಚೀಲ ಇಳಿಸದೆ ಆಯುಧ ಕೈಗೆ ಬಾರದು. ಪಕ್ಕಕ್ಕೆ ಕಟ್ಟಿದರೆ ಬೇಗ ದೊರೆಯುತ್ತದೆ. ಆದರೆ ದೇಹ ಒಂದು ಕಡೆಗೆ ವಾಲುತ್ತದೆ. ಆಗ ನೀರಿನ ಸೀಸೆಯನ್ನು ಇನ್ನೊಂದು ಪಕ್ಕಕ್ಕೆ ಹಾಕಿ ತಕ್ಕಡಿ ಸರಿತೂಗಿಸುವುದುಂಟು. ಕಡಿದಾದ ಏರಿನಲ್ಲಿ ನಡುಬೆನ್ನೂ, ಮೃಗದ ಸುಳಿವಿರುವ ತಾಣದಲ್ಲಿ ಪಕ್ಕವೂ ಲೇಸು. ಎರಡಕ್ಕೂ ಒಗ್ಗುವ ಚೀಲ ಉತ್ತಮವಾದದ್ದು.

ಹೇಗೆ ಕಟ್ಟಿದರೂ ಒಂದು ನಿಯಮಕ್ಕೆ ವಿನಾಯಿತಿಯಿಲ್ಲ. ಚೀಲಕ್ಕೆ ಬಿಗಿಯುವ ಮುನ್ನ ಬಂದೂಕಿನ ನಳಿಗೆಯಲ್ಲಿ ತೋಟಾ ಇರಬಾರದು. ಬೆನ್ನಿನ ಮೇಲಿರುವ ಬಂದೂಕು ಹೊತ್ತವನ ಕಣ್ಣಿಗೆ ಕಾಣುವುದಿಲ್ಲ. ಅವನು ಬಗ್ಗಿದಾಗ ಅದರ ಬಾಯಿ ಹಿಂದಿನ ಅಥವಾ ಮುಂದಿನ ಸಂಗಾತಿಯ ಕಡೆಗೆ ತಿರುಗಬಹುದು. ಕೊಂಬೆಯೊಂದು ಕುದುರೆಯನ್ನು ಎಳೆಯಬಹುದು. ನಳಿಗೆಯ ಬಾಯಿಗೆ ತೆಳುವಾದ ಅಂಟುಪಟ್ಟಿ ಸುತ್ತುವ ವಾಡಿಕೆಯೂ ಇದೆ. ಮಣ್ಣು ಅಥವಾ ಹಿಮ ತುಂಬಿದ ನಳಿಗೆಯಿಂದ ಗುಂಡು ಹಾರಿಸಿದರೆ ನಳಿಗೆಯೇ ಸಿಡಿಯುವ ಅಪಾಯವುಂಟು.

ಬಿಲ್ಲಿನ ಕಷ್ಟ ಬೇರೆ. ಅಂಚುಗಳಲ್ಲಿ ಗಾಲಿಗಳಿರುವ ಈಗಿನ ಯಂತ್ರಬಿಲ್ಲು ಹಿಮಮಾನವನ ಬಿಲ್ಲಿನಷ್ಟು ಉದ್ದವಿಲ್ಲ. ಒಂದು ಮೀಟರಿಗೂ ಕಡಮೆ. ಆದರೆ ಅದರ ಹೆದೆ ಯಾವಾಗಲೂ ಬಿಗಿದೇ ಇರುತ್ತದೆ. ಕಟ್ಟುವ ಪಟ್ಟಿ ಹೆದೆಯ ಮೇಲಾಗಲಿ ಗಾಲಿಯ ಮೇಲಾಗಲಿ ಒತ್ತಿದರೆ ಗುರಿ ಕೆಡುತ್ತದೆ. ಆದುದರಿಂದ ನಡುವಿನ ಹಿಡಿಯ ಭಾಗವನ್ನು ಮಾತ್ರ ಪಟ್ಟಿ ಹಿಡಿಯಬೇಕು. ಬಾಣದ ಮೊನೆಗಳು ಕ್ಷೌರದ ಅಲಗಿನಷ್ಟು ಹರಿತ. ಅವು ಗಟ್ಟಿ ಮುಚ್ಚಳದೊಳಗಿಲ್ಲದಿದ್ದರೆ ಜಾರಿ ಬಿದ್ದವನಿಗೆ ತನ್ನ ಬಾಣವೇ ನಾಟೀತು. ಬಿಲ್ಲುಗಾರನು ಮೃಗದ ತೀರ ಸಮೀಪಕ್ಕೆ ಹೋಗಬೇಕಾದವನಾದ್ದರಿಂದ ಚೀಲದ ಬಟ್ಟೆಯ ಸರಬರ ಸದ್ದೂ ಅವನಿಗೆ ಶತ್ರು. ಅಂಗಡಿಯಲ್ಲಿ ಚೀಲವನ್ನು ಉಗುರಿನಿಂದ ಗೀರಿ ಕಿವಿಗೊಡುವವನು ಜಾಣ.

ಬಣ್ಣದ ವಿಷಯದಲ್ಲಿಯೂ ಎಚ್ಚರ ಬೇಕು. ಕೊಲೊರಾಡೋದಲ್ಲಿ ರೈಫಲು ಹಿಡಿದು ದೊಡ್ಡ ಮೃಗದ ಬೇಟೆಗೆ ಹೋಗುವವರು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಉಡುಪು ಧರಿಸಲೇಬೇಕೆಂದು ಕಾನೂನಿದೆ. ಒಬ್ಬರನ್ನೊಬ್ಬರು ಮೃಗವೆಂದು ಭ್ರಮಿಸಬಾರದೆಂಬುದೇ ಅದರ ಉದ್ದೇಶ. ಆದರೆ ದೊಡ್ಡ ಚೀಲವು ಬೆನ್ನಿನ ಆ ಬಣ್ಣವನ್ನು ಪೂರ್ತಿಯಾಗಿ ಮುಚ್ಚಿಬಿಡುತ್ತದೆ. ಕವಲೊಡೆದ ಕೊಂಬುಗಳನ್ನು ಹೊತ್ತು ಪೊದೆಗಳ ನಡುವೆ ಬರುವವನು ದೂರದಿಂದ ಸಾಕ್ಷಾತ್ ಎಲ್ಕ್‌ನಂತೆ ಕಂಡರೆ ಆಶ್ಚರ್ಯವಿಲ್ಲ. ಚೀಲಕ್ಕೂ ಕೊಂಬಿಗೂ ಕಿತ್ತಳೆ ಬಟ್ಟೆ ಸುತ್ತುವುದು ಪ್ರಾಣ ಉಳಿಸುವ ಕ್ರಮ.

ಈಗ ಮರಳುವ ದಾರಿಗೆ ಬರೋಣ. ಬೆಳೆದ ಗಂಡು ಎಲ್ಕ್ ಸುಮಾರು 320 ಕಿಲೋಗ್ರಾಂ ತೂಗುತ್ತದೆ. ಮೂಳೆ ಬಿಡಿಸಿದ ಮಾಂಸವೇ 90 ಕಿಲೋಗ್ರಾಂ ಮೀರಬಹುದು. ಒಬ್ಬನೇ ಇದ್ದು, ಒಂದು ಸಲಕ್ಕೆ 25 ಕಿಲೋಗ್ರಾಂ ಹೊರುವುದಾದರೆ ನಾಲ್ಕು ಹೊರೆಗಳಾಗುತ್ತವೆ. ಗಾಡಿ ನಿಂತಿರುವ ತಾಣ ಐದು ಕಿಲೋಮೀಟರ್ ದೂರವಿದ್ದರೆ, ನಾಲ್ಕು ಸಲ ಹೊತ್ತು ನಡೆದು, ಮೂರು ಸಲ ಬರಿಬೆನ್ನಿನಲ್ಲಿ ಹಿಂದಿರುಗಿ, ಒಟ್ಟು 35 ಕಿಲೋಮೀಟರ್ ದಾರಿ ಸವೆಯಬೇಕು. ಅದೂ ಗಾಳಿ ತೆಳುವಾದ ಎತ್ತರದಲ್ಲಿ. ಬಿಲ್ಲುಬೇಟೆಯ ಋತು ಸೆಪ್ಟೆಂಬರಿನ ಬೆಚ್ಚನೆಯ ಹಗಲುಗಳಲ್ಲಿ ಬರುವುದರಿಂದ ತಡವಾದಷ್ಟೂ ಮಾಂಸ ಕೆಡುತ್ತದೆ.

ಈ ಕಾರಣದಿಂದ ಈಗಿನ ಒಳ್ಳೆಯ ಬೇಟೆಚೀಲಗಳಲ್ಲಿ ಚೀಲವನ್ನು ಚೌಕಟ್ಟಿನಿಂದ ಹಿಂದಕ್ಕೆ ಸರಿಸಿ, ನಡುವೆ ಮಾಂಸದ ಗಂಟನ್ನು ಇರಿಸಿ ಬಿಗಿಯುವ ಏರ್ಪಾಡಿದೆ. ಅತಿ ಭಾರವಾದ ವಸ್ತು ಬೆನ್ನಿಗೆ ಅತಿ ಸಮೀಪವಾಗಿ, ಹೆಗಲ ಮೂಳೆಗಳ ನೇರಕ್ಕೆ ಇರಬೇಕು. ದೂರವಾದರೆ ಅದು ಮನುಷ್ಯನನ್ನು ಹಿಂದಕ್ಕೆ ಎಳೆಯುತ್ತದೆ. ಕೆಳಗಾದರೆ ಜೋತುಬಿದ್ದು ಮಂಡಿಗಳನ್ನು ನೋಯಿಸುತ್ತದೆ.

ಅಲಾಸ್ಕದಲ್ಲಿ ಈ ಲೆಕ್ಕ ಇನ್ನೂ ಕಠಿನ. ಅಲ್ಲಿನ ಮೂಸ್ ಎಂಬ ಮಹಾಮೃಗದಿಂದ 225 ಕಿಲೋಗ್ರಾಂವರೆಗೆ ಮಾಂಸ ದೊರೆಯಬಹುದು. ತಿನ್ನಲು ಯೋಗ್ಯವಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು, ಗೋಡೆಯ ಅಲಂಕಾರಕ್ಕೆಂದು ಕೊಂಬನ್ನು ಮಾತ್ರ ಹೊತ್ತು ಬರುವುದು ಅಲ್ಲಿ ಸೆರೆಮನೆಗೆ ಕಳಿಸಬಲ್ಲ ಅಪರಾಧ. ಕಾನೂನಿಗೂ ಹಿಂದೆ ಒಂದು ಧರ್ಮವಿದೆ. ಜೀವವೊಂದನ್ನು ತೆಗೆದವನು ಅದನ್ನು ವ್ಯರ್ಥ ಮಾಡಬಾರದು. ಅಂಗಡಿಯಲ್ಲಿ ಚೀಲದ ಭಾರ ಪರೀಕ್ಷಿಸುವವನು ವಾಸ್ತವವಾಗಿ ತನ್ನ ಶಕ್ತಿಯ ಮಿತಿಯನ್ನೇ ಅಳೆದುಕೊಳ್ಳುತ್ತಾನೆ. ಸಂಜೆಯ ಹೊತ್ತು, ಆಳವಾದ ಕಣಿವೆಯಾಚೆ, ಭವ್ಯವಾದ ಮೃಗ ಗುರಿಗೆ ಸಿಕ್ಕಿ ನಿಂತಿರುವಾಗ ಬೆರಳನ್ನು ತಡೆಯಬೇಕಾದದ್ದು ಈ ಅಳತೆಯೇ. ಹೊತ್ತು ತರಲಾಗದ್ದನ್ನು ಹೊಡೆಯಬಾರದು. ಹಾಗೆ ಬಂದೂಕು ಇಳಿಸಿ ಬರಿಗೈಯಲ್ಲಿ ಮರಳಿದವನನ್ನು ಹಳಬರು ಹಾಸ್ಯ ಮಾಡುವುದಿಲ್ಲ.

ಬಂದೂಕು ಬಿಲ್ಲುಗಳ ಗೊಡವೆಯಿಲ್ಲದ ಸಂಸಾರಗಳಿಗೂ ಈ ವಿಚಾರದಲ್ಲಿ ಪ್ರಯೋಜನವುಂಟು. ಹಿಮಾಲಯದ ಚಾರಣಕ್ಕೆ ಹೊರಡುವ ತರುಣನಿಗೂ, ಕುಮಾರಪರ್ವತ ಹತ್ತುವ ವಿದ್ಯಾರ್ಥಿಗಳಿಗೂ ನಿಯಮ ಒಂದೇ: ಬೆನ್ನಿನ ಅಳತೆಗೆ ತಕ್ಕ ಚೀಲ, ಸೊಂಟಕ್ಕೆ ಇಳಿದ ಭಾರ, ಬೆನ್ನಿಗೆ ಅಂಟಿದ ಹೊರೆ. ಶಾಲೆಗೆ ಹೋಗುವ ಮಗುವಿನ ಚೀಲ ಸೊಂಟದ ಕೆಳಗೆ ಜೋತಾಡುತ್ತಿದ್ದರೆ ತಾಯಿಯಾದವಳು ಇಂದೇ ಅದರ ಪಟ್ಟಿಗಳನ್ನು ಬಿಗಿಮಾಡಿ, ದಪ್ಪ ಪುಸ್ತಕಗಳನ್ನು ಬೆನ್ನಿನ ಕಡೆಗೆ ಜೋಡಿಸಬಹುದು.

ಹಿಮಮಾನವನು ಆ ಪ್ರಯಾಣದಿಂದ ಮನೆಗೆ ಮರಳಲಿಲ್ಲ. ಅವನ ಎಡಹೆಗಲಿನಲ್ಲಿ ಬಾಣದ ಕಲ್ಲುಮೊನೆಯೊಂದು ನೆಟ್ಟಿರುವುದು 2001ರಲ್ಲಿ ತಿಳಿದುಬಂದಿತು. ಯಾರೋ ಹಿಂದಿನಿಂದ ಹೊಡೆದಿದ್ದರು. ಅವನ ಮುಗಿಯದ ಬಿಲ್ಲೂ ಹೊರೆಯ ಚೌಕಟ್ಟೂ ಇಂದು ಇಟಲಿಯ ಬೊಲ್ಜಾನೊ ನಗರದ ವಸ್ತುಸಂಗ್ರಹಾಲಯದಲ್ಲಿವೆ.