ಮುಚ್ಚಿದ ಬಾಗಿಲು

ಮಹಾಮಾರಿಯ ನಿಮಿತ್ತ 2020ನೆಯ ಮಾರ್ಚಿಯಲ್ಲಿ ಶಾಲೆಗಳನ್ನು ಮುಚ್ಚಿದುದನ್ನು ನಾವಾರೂ ಆಕ್ಷೇಪಿಸೆವು. ಆದರೆ ಮದ್ಯದಂಗಡಿಗಳು ಅದೇ ವರ್ಷದ ಮೇ 4ರಂದೇ ತೆರೆದುವು. ಒಂದರಿಂದ ಐದನೆಯ ತರಗತಿಗಳು ತೆರೆದುದು 2021ನೆಯ ಅಕ್ಟೋಬರ್ 25ರಂದು! ಇದಾವ ನ್ಯಾಯ?

ನಡುವೆ ಊರೂರಿಗೆ ಬಂದ ‘ವಿದ್ಯಾಗಮ’ವೂ ಎರಡು ತಿಂಗಳಲ್ಲಿ ನಿಂತಿತು. ಉಳ್ಳವರ ಮಕ್ಕಳಿಗೆ ಮೊಬೈಲಿನಲ್ಲಿ ಪಾಠ ದೊರೆಯಿತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಹಟ್ಟಿಗಳ ಬಡಮಕ್ಕಳಿಗೆ ಶಾಲೆಯೆಂಬುದು ಅಕ್ಷರ ಮಾತ್ರವಲ್ಲ. ಮಧ್ಯಾಹ್ನದ ಬಿಸಿಯೂಟವೂ ಹೌದು, ಕೂಲಿಯಿಂದಲೂ ಬಾಲ್ಯವಿವಾಹದಿಂದಲೂ ರಕ್ಷಣೆಯೂ ಹೌದು. ಧಾನ್ಯವನ್ನು ಮನೆಗೆ ಕೊಟ್ಟುದು ನಿಜ. ಆದರೆ ಧಾನ್ಯವು ಗುರುವಾಗದು.

“ಜೀವವಿದ್ದರಲ್ಲವೇ ವಿದ್ಯೆ?” ಎಂಬರು. ಒಪ್ಪಿದೆವು. ಆ ವಿವೇಕವು ಮದ್ಯದಂಗಡಿಯ ಮುಂದೆ ಎಲ್ಲಿ ಅಡಗಿತ್ತು? ಇನ್ನೊಮ್ಮೆ ಮಾರಿ ಬಂದರೆ, ಕಡೆಯಲ್ಲಿ ಮುಚ್ಚತಕ್ಕುದೂ ಮೊದಲು ತೆರೆಯತಕ್ಕುದೂ ಶಾಲೆಯೇ ಆಗಲಿ.